ತುಟಿಯಲ್ಲಿ ಗುಂಡುಸೂಜಿ

ಸರಕಿನ ಲೆಕ್ಕದಲ್ಲಿ ನೋಡಿದರೆ ನಮ್ಮ ಅತ್ತಿಗೆ ಎದ್ದು ಕಾಣುವ ಮಾಲೇನೂ ಆಗಿರಲಿಲ್ಲ. ಗಿಡ್ಡ ಆಳು, ಸಣಕಲು ಮೈಕಟ್ಟು, ಬಣ್ಣ ಮಾಸಿದ ಉಡುಪು, ಮೂಗಿನ ತುದಿಗೆ ಜಾರಿದ ಕನ್ನಡಕ. ಅಂಗಡಿಯ ಗಾಜಿನ ಹಿಂದೆ ಕೂರಿಸಿದರೆ ದಾರಿಯಲ್ಲಿ ಹೋಗುವವರು ನಿಂತು ನೋಡುವಂಥದ್ದು ಏನೂ ಇಲ್ಲ. ಆದರೆ ಬಟ್ಟೆ ಗೊತ್ತಿದ್ದವನು ಮೇಲಿನ ಮಡಿಕೆ ನೋಡಿ ಬೆಲೆ ಕಟ್ಟುವುದಿಲ್ಲ. ಸುತ್ತು ಬಿಚ್ಚಿಸಿ, ಅಂಚು ಹಿಡಿದು ಎಳೆದು, ಬೆಳಕಿಗೊಡ್ಡಿ ನೋಡುತ್ತಾನೆ. ಹಾಗೆ ನೋಡಿದವರಿಗೆ ಗೊತ್ತಾಗುತ್ತಿತ್ತು, ಇದು ಒಗೆದಷ್ಟೂ ಗಟ್ಟಿಯಾಗುವ ಜಾತಿ ಎಂದು. ದೋಷವೂ ಇತ್ತು, ಮುಚ್ಚಿಡುವುದಿಲ್ಲ. ಆ ನಾಲಗೆಗೆ ಅಂಚು ಹೊಲಿದಿರಲಿಲ್ಲ. ಒಂದೆಳೆ ಬಿಚ್ಚಿಕೊಂಡರೆ ಎಲ್ಲಿ ನಿಲ್ಲುತ್ತದೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ.

ನಮ್ಮದು ದಾರ, ಗುಂಡಿ, ಲೈನಿಂಗ್ ಬಟ್ಟೆ, ಎಲಾಸ್ಟಿಕ್ಕಿನ ಅಂಗಡಿ. ಮುಂದಿನ ಭಾಗ ನನ್ನದು, ಹಿಂದಿನ ಕೋಣೆ ಅಣ್ಣನ ಹೊಲಿಗೆಯದು. ಅಣ್ಣ ತೀರಿಕೊಂಡ ಮೇಲೆ ಆ ಮೆಷಿನ್ನನ್ನು ಏನು ಮಾಡುವುದು ಎಂದು ಮನೆಯ ಹಿರಿಯರೆಲ್ಲ ಕೂತು ಯೋಚಿಸುತ್ತಿದ್ದಾಗ, ಅತ್ತಿಗೆ ಯಾರನ್ನೂ ಕೇಳದೆ ಒಳಗೆ ಹೋಗಿ, ಸ್ಟೂಲು ಎಳೆದುಕೊಂಡು, ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಅಂಗಿಗೆ ತೋಳು ಕೂಡಿಸಿದರು. ಹಿರಿಯರ ಯೋಚನೆ ಅಲ್ಲಿಗೆ ಮುಗಿಯಿತು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಬೆಳಿಗ್ಗೆ ಬಿಸಿಲು ಕತ್ತರಿಸುವ ಮೇಜಿನ ಮೇಲೆ ಬೀಳುತ್ತಿತ್ತು, ಮಧ್ಯಾಹ್ನ ಮೆಷಿನ್ನಿನ ಮೇಲೆ. ಅತ್ತಿಗೆಯ ಕೆಲಸವೂ ಬಿಸಿಲಿನ ಹಿಂದೆಯೇ ಮೇಜಿನಿಂದ ಮೆಷಿನ್ನಿಗೆ ಸರಿಯುತ್ತಿತ್ತು. ಮೆಷಿನ್ ಎಣ್ಣೆ, ಇಸ್ತ್ರಿಯ ಹಬೆ, ಹೊಸ ಬಟ್ಟೆಯ ಗಂಜಿ, ಈ ಮೂರೂ ಬೆರೆತ ಒಂದು ವಾಸನೆ ಪರದೆ ದಾಟಿ ನನ್ನ ಗಲ್ಲಾದವರೆಗೂ ಬರುತ್ತಿತ್ತು. ಈಗಲೂ ಎಲ್ಲಾದರೂ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟ ವಾಸನೆ ಬಂದರೆ ಯಾರೋ ನನ್ನನ್ನು ಹಿಂದಿನಿಂದ ಬೈಯುತ್ತಾರೆಂದು ಕಾಯುತ್ತೇನೆ.

ಅವರ ಕೈಚಳಕವೆಲ್ಲ ಕಾಲರಿನಲ್ಲಿ. ಉಳಿದದ್ದನ್ನು ಯಾರಾದರೂ ಹೊಲಿಯುತ್ತಾರೆ, ಕಾಲರು ಕೂರಬೇಕು ಎನ್ನುತ್ತಿದ್ದರು. ಕ್ಯಾನ್ವಾಸ್ ಒಳಗಿಟ್ಟು, ತುದಿ ಮಡಚಿ, ಕುತ್ತಿಗೆಯ ಸುತ್ತ ಗುಂಡುಸೂಜಿ ಚುಚ್ಚಿ ಹಿಡಿಸಿದರೆ, ಎಂಥ ಕುತ್ತಿಗೆಯೂ ಒಂದಿಷ್ಟು ಮರ್ಯಾದಸ್ಥನ ಕುತ್ತಿಗೆಯಂತೆ ಕಾಣುತ್ತಿತ್ತು. ಗಿರಾಕಿಗಳು ಅವರನ್ನು ಕಾಲರಮ್ಮ ಎಂದೇ ಕರೆಯುತ್ತಿದ್ದರು. ಆ ಗುಂಡುಸೂಜಿಗಳು ಕೆಲಸದ ಹೊತ್ತಿನಲ್ಲಿ ಇರುತ್ತಿದ್ದದ್ದು ಅವರ ತುಟಿಗಳ ನಡುವೆ, ಸಾಲಾಗಿ. ತುಟಿ ಅಲುಗಿಸದೆ ಮಾತಾಡುವುದು, ತುಟಿ ಅಲುಗಿಸದೆ ಬೈಯುವುದು ಎರಡೂ ಅವರಿಗೆ ಸಲೀಸು. ಸೂಜಿ ಬಾಯಲ್ಲಿರುವ ತನಕ ಬೈಗುಳ ಸೌಮ್ಯ. ಒಂದೊಂದಾಗಿ ತೆಗೆದು ಪುಟ್ಟ ದಿಂಬಿಗೆ ಚುಚ್ಚಲು ಶುರುಮಾಡಿದರೆಂದರೆ, ತಿಳಿದ ಗಿರಾಕಿ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದ.

ಊರಿನವರ ಕುತ್ತಿಗೆಗೆಲ್ಲ ಟೇಪು ಹಿಡಿದವರು ತಮ್ಮ ಕುತ್ತಿಗೆಯನ್ನು ಮಾತ್ರ ಅಳೆದಿರಲಿಲ್ಲ. ಅದು ಊದುತ್ತಿತ್ತು. ಅವರು ತಮ್ಮ ಉಡುಪಿನ ಕಾಲರನ್ನು ಎತ್ತರ ಮಾಡುತ್ತ ಹೋದರು. ನಾನು ಅದನ್ನು ಹೊಸ ಫ್ಯಾಷನ್ ಎಂದುಕೊಂಡು, "ಏನತ್ತಿಗೆ, ರಾಣಿ ಹಾಗೆ ಕಾಣ್ತೀರಿ" ಎಂದೆ. "ಪ್ರಜೆಗಳು ಕೆಲಸ ನೋಡ್ಕೊಳ್ಳಿ" ಎಂದು ಉತ್ತರ ಬಂತು. ಕೊನೆಗೆ ಗುಟ್ಟು ಹಿಡಿದದ್ದು ನನ್ನ ಹೆಂಡತಿ. ಒಗೆದ ಬಟ್ಟೆ ಮಡಚುವಾಗ ಅತ್ತಿಗೆಯ ಕಾಲರಿನ ಗುಂಡಿಯನ್ನು ಕಿತ್ತು ಜರುಗಿಸಿದ ಗುರುತು ಕಂಡಳು, ಅದರ ಪಕ್ಕದಲ್ಲೇ ಇನ್ನೊಂದು ಹಳೆಯ ಗುರುತು. "ಮೈ ಇಳೀತಿದೆ, ಕುತ್ತಿಗೆ ಮಾತ್ರ ದಪ್ಪ ಆಗ್ತಿದೆ. ಇದು ಯಾವ ಲೆಕ್ಕ ಅಕ್ಕಾ?" ಎಂದು ಹಿಡಿದು ನಿಲ್ಲಿಸಿದಳು. ಅತ್ತಿಗೆ ಕಾಲರಿನ ಗುಂಡಿ ಬಿಚ್ಚಿ ತೋರಿಸಿದರು.

ಥೈರಾಯ್ಡ್ ಗ್ರಂಥಿ ಪೂರ್ತಿ ಗಡ್ಡೆಕಟ್ಟಿ ಶ್ವಾಸನಾಳವನ್ನು ಒತ್ತುತ್ತಿದೆ, ತೆಗೆಯಲೇಬೇಕು ಎಂದರು ಆಸ್ಪತ್ರೆಯ ಸರ್ಜನ್. ಅವರೂ ಹೆಂಗಸೇ, ನಮ್ಮ ಮಗಳಿಗಿಂತ ಒಂದಿಷ್ಟು ದೊಡ್ಡವರಿರಬೇಕು. ಅತ್ತಿಗೆ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಆಪರೇಷನ್ನಿಗೆ ಒಪ್ಪಿಕೊಂಡದ್ದೇನೋ ಆಯಿತು, ಆದರೆ ಹೊತ್ತೇ ಸರಿಯಿರಲಿಲ್ಲ. ಬೇಗ ಹೊಲಿದು ಕೊಡಬೇಕಿದ್ದ ಬ್ಯಾಂಡ್ ತಂಡದ ಕೋಟುಗಳು ಕೋಣೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಎಲ್ಲದಕ್ಕೂ ತೋಳಿತ್ತು, ಕಾಜಾ ಇತ್ತು, ಗುಂಡಿ ಇತ್ತು. ಕಾಲರು ಮಾತ್ರ ಇರಲಿಲ್ಲ. ಅದನ್ನು ಬೇರೆಯವರ ಕೈಗೆ ಕೊಡುವುದಕ್ಕಿಂತ ಬ್ಯಾಂಡಿನವರು ಬರಿ ಬನಿಯನ್ನಿನಲ್ಲಿ ಬಾರಿಸಲಿ ಎಂಬುದು ಅತ್ತಿಗೆಯ ನಿಲುವು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಮೇಲೆ ಡಾಕ್ಟರಮ್ಮ ಬಂದು, ದನಿ ಹೇಗಿದೆ ನೋಡೋಣ, ಏನಾದರೂ ಮಾತಾಡಿ ಎಂದರು. ಅದನ್ನು ಅತ್ತಿಗೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕನ್ನಡಿ ಕೊಡಿ. ಹೊಲಿಗೆ ನೋಡ್ಬೇಕು" ಎಂದರು, ಸ್ವಲ್ಪ ಗೊಗ್ಗರು ದನಿಯಲ್ಲಿ.

ಗಾಯದ ಪಟ್ಟಿ ತೆಗೆಯುವ ಹಾಗಿರಲಿಲ್ಲ. ಕನ್ನಡಿ ಹಿಡಿದು ಪಟ್ಟಿಯ ಮೇಲಿನಿಂದಲೇ ಆ ತುದಿಯಿಂದ ಈ ತುದಿಗೆ ಕಣ್ಣಲ್ಲೇ ಅಳೆದರು. "ಗೆರೆ ನೇರ ಬಂದಿದೆ. ಪರವಾಗಿಲ್ಲ, ಕೈ ಕೂತಿದೆ ನಿಮಗೆ."

"ಮುಂದಿನ ಸಲ ಹೊಲಿಗೆ ಹಾಕೋಕೆ ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ ಒಳಗೆ" ಎಂದರು ಡಾಕ್ಟರಮ್ಮ.

"ಬರ್ತೀನಿ. ಆದ್ರೆ ಕೋಟು ಮುಗಿಸಿ."

ಆಮೇಲೆ ನರ್ಸು ಬಂದು ರಕ್ತ ತೆಗೆದುಕೊಂಡು ಹೋದರು. ಅದರ ಫಲಿತಾಂಶ ಬಂದ ಮೇಲೆ ಡಾಕ್ಟರಮ್ಮ ಮತ್ತೆ ಬಂದು, ಈ ಸಲ ಕುರ್ಚಿ ಎಳೆದುಕೊಂಡು ಕೂತರು. ವ್ಯಾಪಾರದಲ್ಲಿ ಎದುರಿನವರು ಕೂತರೆಂದರೆ ಮಾತು ಉದ್ದವಿದೆ ಎಂದು ಅರ್ಥ.

"ಅಮ್ಮ, ಥೈರಾಯ್ಡಿನ ಹಿಂದೆ ನಾಲ್ಕು ಪುಟಾಣಿ ಗ್ರಂಥಿ ಇರುತ್ತೆ. ನಿಮ್ಮ ಅಂಗಿ ಗುಂಡಿಗಿಂತ ಚಿಕ್ಕವು. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾಗದ ಹಾಗೆ ನೋಡ್ಕೊಳ್ಳೋದು ಅವೇ. ಅವನ್ನ ಉಳಿಸಿದ್ದೀವಿ. ಆದ್ರೆ ಪಕ್ಕದಲ್ಲೇ ಇಷ್ಟೆಲ್ಲ ಕೆಲಸ ನಡೀತಲ್ಲ, ಬೆಚ್ಚಿಬಿದ್ದಿವೆ. ಅವು ಬಿಡೋ ಹಾರ್ಮೋನು ಈಗ ತೆಗೆದ ರಕ್ತದಲ್ಲಿ ತುಂಬಾ ಕಮ್ಮಿ ಇದೆ."

"ಮತ್ತೆ ಕ್ಯಾಲ್ಸಿಯಂ?" ಎಂದು ನಾನು ಕೇಳಿದೆ.

"ಅದು ಇವತ್ತು ಸರಿಯಾಗೇ ಇದೆ. ನಾಳೆಯೋ ನಾಡಿದ್ದೋ ಇಳಿಯುತ್ತೆ ಅಂತ ನನ್ನ ಅಂದಾಜು."

ನನಗೆ ಥಟ್ಟನೆ ಅರ್ಥವಾಯಿತು. ಗೋಡೌನಿನಲ್ಲಿ ಮಾಲಿದೆ, ಬರುವ ಲೋಡು ಮಾತ್ರ ನಿಂತಿದೆ. ಗಿರಾಕಿಗೆ ಇವತ್ತು ಗೊತ್ತಾಗುವುದಿಲ್ಲ. ಅತ್ತಿಗೆಗೂ ಅರ್ಥವಾಗಿತ್ತು, ಆದರೆ ತಮಗೆ ಬೇಕಾದ ತುದಿಯಿಂದ.

"ಇವತ್ತು ಸರಿಯಾಗಿದೆ ತಾನೆ? ಇವತ್ತೇ ಹೋಗ್ತೀನಿ. ನಾಳೆ ಇಳಿದ್ರೆ ನಾಳೆ ಬರ್ತೀನಿ."

"ಇಳಿಯೋವಾಗ ನೀವು ಇಲ್ಲೇ ಇರ್ಬೇಕು."

"ಇಳಿಯೋದು ಖಂಡಿತಾನಾ?"

"ಖಂಡಿತ ಅನ್ನಲ್ಲ. ಇಷ್ಟು ಕಮ್ಮಿ ಇರೋರಲ್ಲಿ ಬಹಳ ಜನಕ್ಕೆ ಇಳಿಯುತ್ತೆ. ಕೆಲವರಿಗೆ ಏನೂ ಆಗಲ್ಲ."

"ಬರೀ ಅನುಮಾನದ ಮೇಲೆ ಹಿಡಿದಿಟ್ಕೊಳ್ಳೋಕೆ ನಾನೇನು ಕಳ್ಳಿಯೇನಮ್ಮಾ?"

ಡಾಕ್ಟರಮ್ಮ ನಕ್ಕರು, ಆದರೆ ಕುರ್ಚಿಯಿಂದ ಏಳಲಿಲ್ಲ. "ಇಳಿದ್ರೆ ಮೊದಲು ತುಟಿ ಸುತ್ತ, ಬೆರಳ ತುದೀಲಿ ಜುಮ್ ಅನ್ನುತ್ತೆ. ಆಗಲೇ ಹೇಳಿದ್ರೆ ಸುಲಭ. ಬಿಟ್ರೆ ಕೈ ಸೆಟೆದುಕೊಳ್ಳುತ್ತೆ. ಇನ್ನೂ ಬಿಟ್ರೆ ಹೃದಯಕ್ಕೂ ತೊಂದರೆ."

ಹೃದಯದ ಮಾತು ಅತ್ತಿಗೆಯ ಕಿವಿಗೆ ಬಿತ್ತೋ ಇಲ್ಲವೋ. ಕೈ ಎಂದಾಗ ಮಾತ್ರ ಅವರು ಹೊದಿಕೆಯ ಮೇಲಿದ್ದ ತಮ್ಮ ಬಲಗೈಯನ್ನು ಒಮ್ಮೆ ನೋಡಿ ಒಳಗೆ ಸೇರಿಸಿಕೊಂಡರು. ಆದರೂ ಹಟ ಬಿಡಲಿಲ್ಲ. ಡಾಕ್ಟರಮ್ಮ ಹೋದ ಮೇಲೆ ನನ್ನ ಮೇಲೆ ತಿರುಗಿದರು.

"ನೀನೊಬ್ಬ ವ್ಯಾಪಾರಸ್ಥ ಅಂತ ಕರ್ಕೊಂಡು ಬಂದೆ. ಚೌಕಾಸಿ ಮಾಡೋಕೂ ಬರಲ್ವಲ್ಲೋ. ಬಾಯಿ ಹೊಲಿದುಕೊಂಡು ನಿಂತಿದ್ದೀಯ."

"ಅತ್ತಿಗೆ, ಮಕ್ಕಳ ಪ್ಯಾಂಟಿಗೆ ಕೆಳಗಡೆ ಅಷ್ಟೊಂದು ಒಳಮಡಿಕೆ ಯಾಕೆ ಬಿಡ್ತೀರಿ?"

"ಮತ್ತೆ? ಬೆಳೀತಾವಲ್ಲ."

"ಬೆಳೆದಿದ್ದನ್ನ ನೋಡಿದ್ರಾ?"

"ಅಳತೆ ಕೊಡೋಕೆ ಬಂದ ಮಗುವಿನ ಪಾದ ನೋಡಿದ್ರೆ ಗೊತ್ತಾಗಲ್ವಾ, ಎಷ್ಟು ಉದ್ದ ಆಗುತ್ತೆ ಅಂತ?"

"ಕೆಲವು ಬೆಳೆಯೋದೇ ಇಲ್ಲ."

"ಬೆಳೀದಿದ್ರೆ ನಷ್ಟ ಏನು? ಎರಡು ಬೆರಳು ಬಟ್ಟೆ ಒಳಗಿರುತ್ತೆ ಅಷ್ಟೆ. ಬಿಡದೆ ಇದ್ದು ಬೆಳೆದ್ರೆ..." ಎಂದವರು ಅಲ್ಲಿಗೆ ನಿಲ್ಲಿಸಿದರು. ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. "ಎಲ್ಲಿಂದ ತಂದು ಎಲ್ಲಿ ಬಿಟ್ಟೆಯೋ ಕಳ್ಳ ನನ್ಮಗನೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಸೋತಾಗ ಅವರು ರಶೀದಿ ಕೊಡುತ್ತಿದ್ದದ್ದು ಹೀಗೆ.

ಉಳಿದರು. ಆದರೆ ಸುಮ್ಮನೆ ಉಳಿಯುವ ಜಾತಿಯಲ್ಲ. ಮಾರನೆಯ ದಿನ ನಾನೂ ನನ್ನ ಹೆಂಡತಿಯೂ ಹೋದಾಗ ಅತ್ತಿಗೆ ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತು ಬ್ಯಾಂಡಿನವರ ಕಾಲರಿಗೆ ಕ್ಯಾನ್ವಾಸ್ ಹಿಡಿಸುತ್ತಿದ್ದರು. ಬದಲಿ ಉಡುಪಿನ ಮಡಿಕೆಯೊಳಗೆ ಬಚ್ಚಿಟ್ಟು ತಂದಿದ್ದರಂತೆ. ತುಟಿಯಲ್ಲಿ ಗುಂಡುಸೂಜಿ, ಮಡಿಲಲ್ಲಿ ಸೂಜಿಯ ಡಬ್ಬಿ. ಪಕ್ಕದ ಹಾಸಿಗೆಯ ಹೆಂಗಸಿನ ನೈಟಿಗೆ ಆಗಲೇ ಹೆಮ್ಮಿಂಗ್ ಆಗಿತ್ತು, ಎದುರು ಹಾಸಿಗೆಯವರ ದಿಂಬಿನ ಕವರು ಸರದಿಯಲ್ಲಿತ್ತು. ವಾರ್ಡು ಹೋಗಿ ನಮ್ಮ ಹಿಂದಿನ ಕೋಣೆಯಾಗಿಬಿಟ್ಟಿತ್ತು.

ಕ್ಯಾಲ್ಸಿಯಂ ಮಾತ್ರೆಗಳ ಬಗ್ಗೆ ದೂರು ಶುರುವಾಯಿತು. "ಗುರುತು ಹಾಕೋ ಸೀಮೆಸುಣ್ಣ ತಂದು ನುಂಗು ಅಂತಾರೆ. ನಮ್ಮ ಅಂಗಡಿ ಮಾಲೇ ಇರ್ಬೇಕು ನೋಡು."

ಅಷ್ಟರಲ್ಲಿ ಡಾಕ್ಟರಮ್ಮ ರೌಂಡಿಗೆ ಬಂದರು. "ತುಟಿ ಸುತ್ತ ಜುಮ್ ಅನ್ನುತ್ತಾ?"

"ಅನ್ನುತ್ತೆ" ಎಂದರು ಅತ್ತಿಗೆ, ಸೂಜಿಗಳ ನಡುವಿನಿಂದ. "ಇವನ ಅಣ್ಣ ಹೋದಾಗಿನಿಂದ ಅನ್ನುತ್ತೆ. ಹೊಲಿಯೋರ ತುಟಿ ಜುಮ್ ಅನ್ನದೆ ಇನ್ಯಾರ ತುಟಿ ಅನ್ಬೇಕು?"

"ಬೆರಳು?"

"ಸೂಜಿ ಚುಚ್ಚಿ ಚುಚ್ಚಿ ಅದಕ್ಕೆ ಮರ್ಯಾದೆ ಹೋಗಿ ಎಷ್ಟೋ ಕಾಲ ಆಯ್ತಮ್ಮ."

ಇದು ಸುಳ್ಳೂ ಅಲ್ಲ, ನಾಟಕವೂ ಅಲ್ಲ. ಕೆಲಸ ಮಾಡಿದ ದಿನವೆಲ್ಲ ತುಟಿ ಜುಮ್ಮೆನ್ನುವುದು, ಬೆರಳ ತುದಿ ಮರಗಟ್ಟುವುದು ಆ ಕಸುಬಿನವರಿಗೆ ನಿತ್ಯದ ಮಾತು. ನಮ್ಮಣ್ಣನೂ ಸಂಜೆ ಹೊತ್ತು ತುಟಿ ಉಜ್ಜಿಕೊಳ್ಳುತ್ತಲೇ ಅಂಗಡಿಯಿಂದ ಬರುತ್ತಿದ್ದ. ದೇಹ ಕೊಟ್ಟ ಮುನ್ಸೂಚನೆಯನ್ನು ಅತ್ತಿಗೆ ಕೆಲಸದ ಕೂಲಿ ಎಂದುಕೊಂಡಿದ್ದರು. ಹೊಲಿಯದವರಾಗಿದ್ದರೆ ಬೆಳಿಗ್ಗೆಯೇ ನರ್ಸನ್ನು ಕೂಗುತ್ತಿದ್ದರು. ರಕ್ತದ ಆ ಫಲಿತಾಂಶ ಇರದಿದ್ದರೆ ಡಾಕ್ಟರೂ ನಕ್ಕು ಮುಂದಿನ ಹಾಸಿಗೆಗೆ ಹೋಗಬಹುದಿತ್ತೇನೋ. ಈ ಡಾಕ್ಟರಮ್ಮ ಹೋಗಲಿಲ್ಲ. ಅಂಗೈ ಚಾಚಿದರು.

"ಸೂಜಿ ಕೊಡಿ."

"ಎಲ್ಲಾನೂ?"

"ಎಲ್ಲಾನೂ. ಆ ಡಬ್ಬೀನೂ."

ಅತ್ತಿಗೆ ತುಟಿಯಿಂದ ಒಂದೊಂದಾಗಿ ತೆಗೆದುಕೊಟ್ಟರು. ಆ ನೋಟ ಕಂಡು ನನ್ನ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿತ್ತು. ಆದರೆ ಬೈಗುಳ ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಸೂಜಿಗಳ ಜೊತೆ ಮಾತ್ರೆಯ ತುಂಡುಗಳು.

"ಇದೇನಮ್ಮ?"

"ಅರ್ಧ ನುಂಗಿದೆ, ಅರ್ಧ ಎತ್ತಿಟ್ಟೆ. ಅಷ್ಟು ದೊಡ್ಡದನ್ನ ಒಂದೇ ಸಲಕ್ಕೆ ಯಾರು ಖರ್ಚು ಮಾಡ್ತಾರೆ?"

ಬಟ್ಟೆಯ ಬೆರಳಗಲದ ಚೂರನ್ನೂ ಎಸೆಯದೆ ಜೇಬಿನ ಒಳಪಟ್ಟಿಗೆ ಬರುತ್ತದೆಂದು ಎತ್ತಿಡುವವರು ಅವರು. ಔಷಧಿಗೂ ಅದೇ ನ್ಯಾಯ ಹಚ್ಚಿದ್ದರು. ನನ್ನ ಹೆಂಡತಿ ತಲೆ ಚಚ್ಚಿಕೊಂಡಳು. ಡಾಕ್ಟರಮ್ಮ ಮತ್ತೆ ರಕ್ತ ತೆಗೆಯಲು ನರ್ಸಿಗೆ ಹೇಳಿ, ಬಿ.ಪಿ. ನೋಡುವ ಪಟ್ಟಿಯನ್ನು ತಾವೇ ಅತ್ತಿಗೆಯ ಬಲ ತೋಳಿಗೆ ಸುತ್ತಿದರು. ಗಾಳಿ ತುಂಬಿ, "ಕ್ಯಾಲ್ಸಿಯಂ ಇಳಿದಿದ್ರೆ ಕೈಯೇ ಹೇಳುತ್ತೆ" ಎಂದು ಹಾಗೇ ಹಿಡಿದುಕೊಂಡರು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದೆವು.

"ಸೂಜಿ ಇಲ್ಲದಿದ್ರೂ ತುಟಿ ಜುಮ್ ಅಂತಿದೆ ಕಣೇ" ಎಂದು ಅತ್ತಿಗೆ ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಮಣಿಕಟ್ಟು ಒಳಕ್ಕೆ ಬಾಗಿತು. ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಬಂದು ಅವಕ್ಕೆ ಒತ್ತಿತು. ಬಟ್ಟೆಯ ತುದಿ ಚಿವುಟಿ ಹಿಡಿದು ಹೊಲಿಗೆ ಹಾಕುವ ಕೈ ಅದು. ಆ ಭಂಗಿಯನ್ನು ನಾನು ಪರದೆಯ ಸಂದಿಯಿಂದ ಸಾವಿರ ಸಲ ನೋಡಿದ್ದೆ. ಈಗ ಅದರಲ್ಲಿ ಬಟ್ಟೆ ಇರಲಿಲ್ಲ. ಪಟ್ಟಿಯ ಗಾಳಿ ಬಿಟ್ಟ ಮೇಲೂ ಅದು ತಕ್ಷಣ ಬಿಚ್ಚಿಕೊಳ್ಳಲಿಲ್ಲ. ಅತ್ತಿಗೆ ಎಡಗೈಯಿಂದ ಆ ಬೆರಳುಗಳನ್ನು ಬಿಡಿಸಲು ನೋಡಿದರು. ಬರಲಿಲ್ಲ.

"ಡಾಕ್ಟರಮ್ಮಾ" ಎಂದರು, "ಇದು ಹೀಗೇ ಇದ್ಬಿಡುತ್ತಾ?"

ಅಷ್ಟು ವರ್ಷದಲ್ಲಿ ಅವರು ಯಾರನ್ನಾದರೂ ಏನನ್ನಾದರೂ ಹೆದರಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಣ್ಣ ಸತ್ತಾಗಲೂ ಕೇಳಿರಲಿಲ್ಲ.

"ಇಲ್ಲಮ್ಮ. ಅದಕ್ಕೇ ತಾನೆ ನಿಮ್ಮನ್ನ ಹಿಡಿದಿಟ್ಟಿದ್ದು" ಎಂದು ಡಾಕ್ಟರಮ್ಮ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಇಟ್ಟುಕೊಂಡರು. ಡ್ರಿಪ್ ಬಂತು. ಎದೆಗೆ ತಂತಿ ಅಂಟಿಸಿ ಹೃದಯದ ಬಡಿತ ನೋಡುತ್ತ, ನಿಧಾನವಾಗಿ ಕ್ಯಾಲ್ಸಿಯಂ ಹರಿಸಿದರು. ಬಾಟಲಿ ಇಳಿಯುತ್ತ ಬಂದಂತೆ ಬೆರಳುಗಳೂ ಸಡಿಲಾದವು. ಅತ್ತಿಗೆ ಕಿರುಬೆರಳನ್ನು ಅಲುಗಿಸಿ ನೋಡಿದರು, ಆಮೇಲೆ ಉಂಗುರದ ಬೆರಳು, ಮೆಷಿನ್ನಿಗೆ ಎಣ್ಣೆ ಬಿಟ್ಟು ಚಕ್ರ ತಿರುಗಿಸಿ ನೋಡುವ ಹಾಗೆ. ನನ್ನ ಹೆಂಡತಿ ಅಳುತ್ತಿದ್ದಳು. "ಅಳಬೇಡ, ಕ್ಯಾನ್ವಾಸ್ ಒದ್ದೆಯಾಗುತ್ತೆ" ಎಂದರು. ಅಲ್ಲಿಗೆ ಅತ್ತಿಗೆ ವಾಪಸು ಬಂದರೆಂದು ನಮಗೆ ಧೈರ್ಯ ಬಂತು.

ಆದರೆ ಕೈ ಪೂರ್ತಿ ವಾಪಸು ಬಂದಿರಲಿಲ್ಲ. ಆ ನಾಲ್ಕು ಗ್ರಂಥಿಗಳು ಎಚ್ಚರವಾಗಲು ಕಾಲ ಬೇಕು, ಅಲ್ಲಿಯ ತನಕ ಮಾತ್ರೆಯನ್ನು ಇಡಿಯಾಗಿ ನುಂಗಬೇಕು, ಬಾಯಲ್ಲಿ ಸೂಜಿ ಇಡುವ ಹಾಗಿಲ್ಲ, ಇಟ್ಟರೆ ತುಟಿ ಹೇಳುವ ಮಾತು ಕೇಳಿಸುವುದಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು. ಕೋಣೆಗೆ ಬಂದು ಅತ್ತಿಗೆ ಕತ್ತರಿ ಹಿಡಿದರು. ಕೈ ಸಣ್ಣಗೆ ನಡುಗಿ ಗೆರೆಯಿಂದ ಆಚೆ ಹೋಯಿತು. ಕತ್ತರಿ ಕೆಳಗಿಟ್ಟು, ನೇತಾಡುತ್ತಿದ್ದ ಕೋಟುಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಮಾಲು ತೂಗುವವರ ನೋಟ ಅದು. ತೂಗಿಸಿಕೊಳ್ಳುವ ಮಾಲು ನಾವೇ ಆದಾಗ ಅದು ಅಷ್ಟು ಹಿತವಾಗಿರುವುದಿಲ್ಲ.

"ಸಾಹುಕಾರ್ರೇ, ಗಲ್ಲಾ ಮುಚ್ಚಿ ಒಳಗೆ ಬನ್ನಿ."

"ನಾನಾ? ಅತ್ತಿಗೆ, ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ಇಷ್ಟು ವರ್ಷ ಊರಿಗೆಲ್ಲ ದಾರ ಮಾರಿದ್ದೀಯ. ಅದು ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲ ನೋಡು ಬಾ."

ಕೂತೆ. ಅವರು ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತು ಹೇಳುವುದು, ನಾನು ಮಾಡುವುದು. ಮೊದಲ ಕಾಲರು ಒಂದು ಕಡೆ ಕಿವಿ ಎತ್ತಿಕೊಂಡು ನಿಂತಿತು. "ಬಿಚ್ಚು." ಎರಡನೆಯದು ಸುಕ್ಕಾಯಿತು. "ಬಿಚ್ಚು." ಅವರ ಬಾಯಲ್ಲಿ ಸೂಜಿ ಇಲ್ಲದ ಕಾಲ ಅದು, ನನ್ನ ಪಾಲಿಗೆ ಅದೆಷ್ಟು ದುಬಾರಿಯಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಡುನಡುವೆ ಬೈಗುಳ ನಿಲ್ಲಿಸಿ, "ಏ, ಬೆರಳು ಜುಮ್ ಅಂತಿದೆ ಕಣೋ, ಮಾತ್ರೆ ಕೊಡು" ಎನ್ನುತ್ತಿದ್ದರು. ಮುಚ್ಚಿಡುವುದನ್ನು ಬಿಟ್ಟಿದ್ದರು. ನಾನು ಎದ್ದು ಹೋಗಿ ನೀರು, ಮಾತ್ರೆ ತರುವುದು, ಅವರು ಮುಖ ಕಿವುಚಿ ಇಡಿಯಾಗಿ ನುಂಗುವುದು, ಕಿಟಕಿಯ ಬಿಸಿಲು ಮೇಜಿನಿಂದ ಮೆಷಿನ್ನಿಗೆ ಸರಿಯುವುದು. ಆ ದಿನಗಳು ಯಾಕೆ ಅಷ್ಟು ಬೇಗ ಮುಗಿದವೋ ಎಂದು ಈಗ ಅನ್ನಿಸುತ್ತದೆ. ಆಗ ನನ್ನ ಸೊಂಟಕ್ಕೆ ಹಾಗೇನೂ ಅನ್ನಿಸಿರಲಿಲ್ಲ.

ಕೋಟುಗಳು ಹೋದವು. ಬ್ಯಾಂಡು ನಮ್ಮ ಬೀದಿಯಲ್ಲಿ ಹಾದುಹೋದಾಗ ಅತ್ತಿಗೆ ಬಾಗಿಲಿಗೆ ಬಂದು, ಒಂದೊಂದು ಕುತ್ತಿಗೆಯನ್ನೂ ಕಣ್ಣು ಕಿರಿದು ಮಾಡಿ ನೋಡಿದರು.

"ಪರವಾಗಿಲ್ಲ" ಎಂದರು. "ಬ್ಯಾಂಡಿನೋರು ಎಲ್ಲೂ ನಿಲ್ಲಲ್ವಲ್ಲ, ನಡೀತಾನೇ ಇರ್ತಾರೆ. ಯಾರಿಗೂ ಗೊತ್ತಾಗಲ್ಲ."

ಚಳಿ ಕಳೆದು ಬೇಸಗೆ ಹತ್ತುವ ಹೊತ್ತಿಗೆ ಡಾಕ್ಟರಮ್ಮ ಮಾತ್ರೆ ಕಮ್ಮಿ ಮಾಡುತ್ತ ಬಂದು ಕೊನೆಗೆ ನಿಲ್ಲಿಸಿದರು, ಬೆಚ್ಚಿಬಿದ್ದಿದ್ದ ಗ್ರಂಥಿಗಳು ಎಚ್ಚೆತ್ತುಕೊಂಡಿದ್ದವು. ಅತ್ತಿಗೆಯ ಕೈ ಗೆರೆಯ ಮೇಲೆ ನಿಂತಿತು. ಅವರು ನನ್ನನ್ನು ಸ್ಟೂಲಿನಿಂದ ಎಬ್ಬಿಸಿ ತಮ್ಮ ಜಾಗದಲ್ಲಿ ಕೂತರು. ಆದರೆ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, "ಖಾಲಿ ಕೂತು ಏನ್ಮಾಡ್ತೀಯ, ಬಾ" ಎಂದು ಕರೆಯುವುದನ್ನು ಬಿಡಲಿಲ್ಲ, ನಾನೂ ಹೋಗುವುದನ್ನು ಬಿಡಲಿಲ್ಲ. ಕಾಲರಾಯಿತು, ತೋಳಾಯಿತು, ಕೊನೆಗೆ ಇಡೀ ಕೋಟು. ಅತ್ತಿಗೆ ಬಹಳ ವರ್ಷ ಹೊಲಿದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಅಂಗಡಿಯ ಮುಂಭಾಗವನ್ನು ಈಗ ನನ್ನ ಮಗಳು ನೋಡಿಕೊಳ್ಳುತ್ತಾಳೆ, ನನಗಿಂತ ಚೆನ್ನಾಗಿ. ಹಿಂದಿನ ಕೋಣೆಯಲ್ಲಿ ಕೂತು ಹೊಲಿಯುವವನು ನಾನು. ತಮ್ಮ ಕೈ ನಿಂತುಹೋದೀತೆಂದು ಹೆದರಿದ್ದ ದಿನಗಳಲ್ಲಿ ಅತ್ತಿಗೆ ತಮ್ಮ ಕಸುಬನ್ನು ನನಗೆ ಕಲಿಸಿದರು. ಈ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಮಾಡಲು ನನಗೊಂದು ಕೆಲಸವಿರುವುದು ಅವರಿಂದ.